ಬೆಂಗಳೂರಿನಲ್ಲಿ ಬಾಡಿಗೆ, ಹೊಸೂರಿನಲ್ಲಿ ನಿವೇಶನ: ದುಡಿಯಲು ಹೋಗುವ ಗಡಿನಾಡ ಕುಟುಂಬಗಳಿಗೆ ವಸತಿಯ ಲೆಕ್ಕ

ಪೆನ್ನಾಗರಂ ಇಂದು ಧರ್ಮಪುರಿ ಜಿಲ್ಲೆಯ ಒಂದು ತಾಲ್ಲೂಕು. 1965ರ ಅಕ್ಟೋಬರ್ 2ರಂದು ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಸೀಮೆಯೆಲ್ಲವೂ ಸೇಲಂ ಜಿಲ್ಲೆಗೆ ಸೇರಿತ್ತು. ಹೊಸೂರು, ಡೆಂಕಣಿಕೋಟೆ, ತಳಿಗಳನ್ನೊಳಗೊಂಡ ಕೃಷ್ಣಗಿರಿ ಜಿಲ್ಲೆ 2004ರ ಫೆಬ್ರವರಿಯಲ್ಲಿ ಧರ್ಮಪುರಿಯಿಂದ ಬೇರ್ಪಟ್ಟಿತು. ಜಿಲ್ಲೆಯ ಗೆರೆಗಳು ಹೀಗೆ ಬದಲಾದರೂ ದುಡಿಮೆಯ ದಾರಿ ಮಾತ್ರ ಬದಲಾಗಲಿಲ್ಲ. ಮಳೆಯನ್ನೇ ನಂಬಿದ ಹೊಲಗಳಲ್ಲಿ ರಾಗಿ, ಕಡಲೆಕಾಯಿಗಳ ಕೊಯ್ಲು ಮುಗಿಯುತ್ತಲೇ ಜನರು ಧರ್ಮಪುರಿಗೆ ಬಂದು, ಹೆದ್ದಾರಿಯ ಬಸ್ಸು ಹಿಡಿದು, ಹೊಸೂರಿಗೋ ಬೆಂಗಳೂರಿಗೋ ಹೋಗುತ್ತಾರೆ. ಗಾರೆ ಕೆಲಸ, ಕಂಬಿ ಕಟ್ಟುವ ಕೆಲಸ, ಬಟ್ಟೆ ಕಾರ್ಖಾನೆಯ ಹೊಲಿಗೆ, ಮನೆಗೆಲಸ, ಕಾವಲು: ಇವೆಲ್ಲಕ್ಕೂ ನಗರದಲ್ಲಿ ಕರೆಯಿದೆ, ಕೂಲಿಯೂ ಇದೆ. ಆದರೆ ಆ ಕೂಲಿಗೆ ಸಿಗುವಂತಹ ಮನೆಯಿಲ್ಲ.

ಮನೆಯ ಈ ಪ್ರಶ್ನೆ ನಮ್ಮ ಶಾಲೆಗಳ ಪ್ರಶ್ನೆಯೂ ಹೌದು. ಗಡಿ ಸೀಮೆಯ ಕನ್ನಡ ಶಾಲೆಯ ಹಾಜರಿ ಪುಸ್ತಕ ಬಲ್ಲ ಶಿಕ್ಷಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಡುವರ್ಷದಲ್ಲಿ ಒಂದು ಹೆಸರಿನ ಮುಂದೆ ಗೈರುಹಾಜರಿಯ ಗುರುತು ಸಾಲಾಗಿ ಬೀಳತೊಡಗಿದರೆ, ಆ ಕುಟುಂಬ ನಗರದಲ್ಲಿ ಎಲ್ಲೋ ಒಂದು ತಗಡಿನ ಶೆಡ್ಡು ಹಿಡಿದಿದೆಯೆಂದು ಅರ್ಥ. ಆದುದರಿಂದ ವಸತಿಯ ಕೊರತೆ ಎಂದರೇನು, ಅದು ಹೇಗೆ ಬಂತು, ಎಲ್ಲೆಲ್ಲಿ ಪರಿಹಾರ ಕಂಡಿದೆ, ಹೊರಡುವ ಮುನ್ನ ನಮ್ಮ ಪೋಷಕರು ಯಾವ ಕಾನೂನುಗಳನ್ನು ತಿಳಿದಿರಬೇಕು ಎಂಬುದನ್ನು ಒಂದೆಡೆ ಬರೆದಿಡುವುದು ಈ ಲೇಖನದ ಉದ್ದೇಶ.

ಕೊರತೆ ಯಾವುದರದ್ದು?

ನಗರದಲ್ಲಿ ಮನೆಗಳೇ ಸಾಲದು ಎಂಬುದು ಸಾಮಾನ್ಯ ತಿಳಿವಳಿಕೆ. ಅಂಕಿಅಂಶಗಳು ಬೇರೆಯದನ್ನು ಹೇಳುತ್ತವೆ. ಕೇಂದ್ರ ಸರ್ಕಾರ ನೇಮಿಸಿದ ತಜ್ಞರ ತಂಡವೊಂದು 2012ರಲ್ಲಿ ದೇಶದ ನಗರಗಳ ವಸತಿ ಕೊರತೆಯನ್ನು 1.878 ಕೋಟಿ ಮನೆಗಳೆಂದು ಅಂದಾಜಿಸಿತು. ಅದರ ಹಿಂದಿನ ವರ್ಷವಷ್ಟೇ ನಡೆದ 2011ರ ಜನಗಣತಿ, ನಗರಗಳಲ್ಲಿ 1.1 ಕೋಟಿಗೂ ಹೆಚ್ಚು ಮನೆಗಳು ಖಾಲಿಯಿರುವುದನ್ನು ದಾಖಲಿಸಿತ್ತು. ಒಂದು ಕೈಯಲ್ಲಿ ಕೊರತೆ, ಮತ್ತೊಂದು ಕೈಯಲ್ಲಿ ಬೀಗ. ಈ ಎರಡೂ ಒಟ್ಟಿಗೆ ಇರಲು ಸಾಧ್ಯವಾದದ್ದು ಹೇಗೆ?

ಉತ್ತರ ಅದೇ ತಂಡದ ವರದಿಯಲ್ಲಿದೆ. ಕೊರತೆಯ ಶೇ. 95ಕ್ಕೂ ಹೆಚ್ಚು ಭಾಗ ಆರ್ಥಿಕವಾಗಿ ದುರ್ಬಲರಾದವರದು ಮತ್ತು ಕಡಿಮೆ ಆದಾಯದವರದು. ಸೂರೇ ಇಲ್ಲದವರ ಪಾಲು ಅದರಲ್ಲಿ ಚಿಕ್ಕದು, ಸುಮಾರು 5.3 ಲಕ್ಷ. ಸುಮಾರು 1.5 ಕೋಟಿ ಕುಟುಂಬಗಳು ಇಕ್ಕಟ್ಟಿನ ಮನೆಗಳಲ್ಲಿ ಒಬ್ಬರ ಮೇಲೊಬ್ಬರು ಬದುಕುತ್ತಿರುವವು. ಒಂದೇ ಕೋಣೆಯಲ್ಲಿ ತಂದೆತಾಯಿ, ಮಗ ಸೊಸೆ, ಓದುವ ಮಕ್ಕಳು. ಹಾಗಿದ್ದ ಮೇಲೆ ಇದನ್ನು ಕಟ್ಟಡಗಳ ಕೊರತೆ ಎನ್ನುವುದಕ್ಕಿಂತ, ದುಡಿಯುವವನ ಕೂಲಿಗೆ ಎಟುಕುವ, ಅವನ ಕೆಲಸದ ಜಾಗಕ್ಕೆ ಸಮೀಪವಿರುವ ಮನೆಗಳ ಕೊರತೆ ಎನ್ನುವುದು ಸರಿ. ಶ್ರೀಮಂತರ ಎರಡನೆಯ ಮನೆ, ಮೂರನೆಯ ಮನೆಗಳು ಎಷ್ಟು ಎದ್ದರೂ ಈ ಕೊರತೆ ತುಂಬುವುದಿಲ್ಲ.

ಒಂದು ಸರಳ ಲೆಕ್ಕ ಮಾಡೋಣ. ಏಳನೆಯ ತರಗತಿಯ ಮಗುವೂ ಮಾಡಬಲ್ಲ ಲೆಕ್ಕ. ದಿನಕ್ಕೆ 800 ರೂಪಾಯಿ ಕೂಲಿ, ತಿಂಗಳಿಗೆ 25 ದಿನ ಕೆಲಸ ಎಂದು ಉದಾಹರಣೆಗಾಗಿ ಇಟ್ಟುಕೊಂಡರೆ ತಿಂಗಳ ಆದಾಯ 20,000 ರೂಪಾಯಿ. ಅದರಲ್ಲಿ ಮೂರನೆಯ ಒಂದು ಭಾಗವನ್ನು ಮನೆಗೆ ತೆಗೆದಿಟ್ಟರೆ ಸುಮಾರು 6,700 ರೂಪಾಯಿ. ಶೇ. 9ರ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ ಈ ಕಂತು ತೀರಿಸಬಲ್ಲ ಸಾಲ ಸುಮಾರು ಏಳೂವರೆ ಲಕ್ಷ ಮಾತ್ರ. ಇನ್ನು ಇಪ್ಪತ್ತು ಮೂವತ್ತರ ನಿವೇಶನ, ಅಂದರೆ 600 ಚದರಡಿ, ಚದರಡಿಗೆ 5,000 ರೂಪಾಯಿಯಂತೆ ಹಿಡಿದರೂ ಬರಿಯ ನೆಲಕ್ಕೇ 30 ಲಕ್ಷ. ಗೋಡೆಯ ಇಟ್ಟಿಗೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. 25 ಲಕ್ಷ ಸಾಲವಾದರೆ ತಿಂಗಳ ಕಂತು 22,500 ರೂಪಾಯಿಯ ಸುತ್ತ ಬರುತ್ತದೆ. ಇಡೀ ಕೂಲಿಯನ್ನು ಕೊಟ್ಟರೂ ಸಾಲದು. ಮಿತವ್ಯಯ ಮಾಡಿ ಮನೆ ಕೊಳ್ಳಿರಿ ಎಂದು ಕೂಲಿಕಾರನಿಗೆ ಬುದ್ಧಿ ಹೇಳುವವರು ಮೊದಲು ಈ ಲೆಕ್ಕವನ್ನು ಮಾಡಲಿ.

ಬೆಂಗಳೂರು ನಿವೇಶನ ಹಂಚಿದ ಬಗೆ

ನೂರಿಪ್ಪತ್ತೈದು ವರ್ಷಗಳಿಂದ ಬೆಂಗಳೂರು ತನ್ನ ವಸತಿ ಸಮಸ್ಯೆಗೆ ಕೊಟ್ಟ ಉತ್ತರ ಹೆಚ್ಚು ಕಡಿಮೆ ಒಂದೇ: ಊರಿನ ಅಂಚಿನಲ್ಲಿ ಹೊಲ ಕೊಳ್ಳುವುದು, ಗೆರೆ ಎಳೆಯುವುದು, ನಿವೇಶನ ಮಾಡಿ ಹಂಚುವುದು. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಜನ ಸಾಯತೊಡಗಿದಾಗ ಬಸವನಗುಡಿ, ಮಲ್ಲೇಶ್ವರಗಳಂತಹ ಬಡಾವಣೆಗಳು ಬೆಳೆದವು. ಅಗಲವಾದ ರಸ್ತೆ, ಗಾಳಿ ಬೆಳಕು, ಚರಂಡಿ. ಒಳ್ಳೆಯ ಕೆಲಸವೇ. ಆದರೆ ನಿವೇಶನ ಕೊಂಡು ಮನೆ ಕಟ್ಟಬಲ್ಲವರಿಗೆ ಮಾತ್ರ ಅಲ್ಲಿ ಜಾಗವಿತ್ತು.

1941ರಲ್ಲಿ ಸುಮಾರು 4 ಲಕ್ಷವಿದ್ದ ನಗರದ ಜನಸಂಖ್ಯೆ 1951ರ ವೇಳೆಗೆ ಸುಮಾರು 7.8 ಲಕ್ಷಕ್ಕೆ ಏರಿತು. ಆ ದಶಕದ ನಡುವೆ, 1945ರಲ್ಲಿ, ನಗರಾಭಿವೃದ್ಧಿ ಮಂಡಲಿ ಹುಟ್ಟಿತು. ಜಯನಗರದ ಅಸ್ತಿಭಾರವನ್ನು 1948ರಲ್ಲಿ ಹಾಕಿದವರು ಆಗಿನ ಗವರ್ನರ್ ಜನರಲ್ ರಾಜಾಜಿಯವರು. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ, ಅಂದಿನ ಸೇಲಂ ಜಿಲ್ಲೆಯಲ್ಲಿ, ಹುಟ್ಟಿದವರು ಅವರು. ನಮ್ಮ ಸೀಮೆಯ ಮಗನೊಬ್ಬ ಬೆಂಗಳೂರಿನ ಅತಿ ದೊಡ್ಡ ಬಡಾವಣೆಗಳಲ್ಲೊಂದಕ್ಕೆ ಕಲ್ಲಿಟ್ಟರೆಂಬುದನ್ನು ಮಕ್ಕಳಿಗೆ ಹೇಳಬಹುದು. ಆ ಬಡಾವಣೆಯ ಮನೆಗಳಿಗೆ ಕಲ್ಲು ಹೊತ್ತವರಿಗೆ ಅಲ್ಲಿ ನಿವೇಶನ ಇರಲಿಲ್ಲವೆಂಬುದನ್ನೂ ಜೊತೆಗೇ ಹೇಳಬೇಕಾಗುತ್ತದೆ.

1976ರಲ್ಲಿ ಮಂಡಲಿಯ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದರೂ ಕ್ರಮ ಅದೇ ಉಳಿಯಿತು. ನೆಲ ಸಿಗುವುದು ಮಾತ್ರ ಕಷ್ಟವಾಗುತ್ತ ಹೋಯಿತು. 16 ಗ್ರಾಮಗಳ ಭೂಮಿಯಲ್ಲಿ ಅರ್ಕಾವತಿ ಬಡಾವಣೆ ಮಾಡಲು 2003ರಲ್ಲಿ ಅಧಿಸೂಚನೆ ಹೊರಟಿತು. ರೈತರ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2010ರಲ್ಲಿ ತೀರ್ಪು ಬಂತು. ಆಮೇಲೂ ಗೊಂದಲ ಮುಗಿಯಲಿಲ್ಲ. ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ಭೂಮಿ ಕೊಟ್ಟ ರೈತರಿಗೆ ಹಣದ ಬದಲು ಅಭಿವೃದ್ಧಿಪಡಿಸಿದ ಜಾಗದಲ್ಲಿ ಶೇ. 40ರ ಪಾಲು ನೀಡುವ ಕ್ರಮ ಬಂತು, 2016ರಿಂದ ನಿವೇಶನ ಹಂಚಿಕೆಯೂ ಆರಂಭವಾಯಿತು. ರೈತನ ದೃಷ್ಟಿಯಿಂದ ಇದು ಹಿಂದಿನದಕ್ಕಿಂತ ನ್ಯಾಯವಾದ ಕ್ರಮ. ಆದರೂ ಪ್ರಾಧಿಕಾರದ ಪುಸ್ತಕದಲ್ಲಿ ರೈತನಿದ್ದಾನೆ, ನಿವೇಶನದಾರನಿದ್ದಾನೆ, ಬಾಡಿಗೆಗೆ ಬದುಕುವವನಿಲ್ಲ.

ಈ ಬಾಡಿಗೆದಾರನನ್ನು ಬೆಂಗಳೂರಿನಲ್ಲಿ ಹಿಂದಿನಿಂದಲೂ ಕಾಪಾಡಿದ್ದು ವಠಾರ. ನಡುವೆ ಅಂಗಳ, ಸುತ್ತ ಒಂದೆರಡು ಕೋಣೆಯ ಸಾಲು ಮನೆಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ, ಹಿಂಬದಿಗೆ ಶೌಚಾಲಯ, ಬಾಗಿಲಲ್ಲೇ ಮನೆಯೊಡತಿಯ ಕಣ್ಗಾವಲು. ನಿರಂಜನರ ‘ರಂಗಮ್ಮನ ವಠಾರ’ ಕಾದಂಬರಿ ಓದಿದವರಿಗೆ ಆ ಬದುಕು ಪರಿಚಿತ. ಅದನ್ನು ಹೊಗಳಿ ಹಾಡುವಂತಿಲ್ಲ, ನೀರಿಗಾಗಿ ಜಗಳ, ರೋಗರುಜಿನ ಎಲ್ಲವೂ ಇದ್ದವು. ಆದರೂ ಅದೊಂದು ವ್ಯವಸ್ಥೆಯಾಗಿತ್ತು: ಒಂದೇ ನಿವೇಶನದ ನೆಲದ ಬೆಲೆ ಎಂಟು ಹತ್ತು ಕುಟುಂಬಗಳ ನಡುವೆ ಹಂಚಿಹೋಗುತ್ತಿದ್ದುದರಿಂದ ಬಾಡಿಗೆ ಕೈಗೆಟುಕುತ್ತಿತ್ತು. ನೆಲದ ಬೆಲೆ ಏರಿದಾಗ ವಠಾರಗಳನ್ನು ಕೆಡವಿ ಕಟ್ಟಡಗಳನ್ನು ಎಬ್ಬಿಸಲಾಯಿತು. ಅವು ಮಾಡುತ್ತಿದ್ದ ಕೆಲಸವನ್ನು ಇಂದು ನಗರದ ಅಂಚಿನ ಶೀಟಿನ ಮನೆಗಳು ಮಾಡುತ್ತಿವೆ, ಅದಕ್ಕಿಂತ ಕೆಟ್ಟದಾಗಿ.

ಮತ್ತೊಂದು ಮಾದರಿಯೂ ಬೆಂಗಳೂರಿನಲ್ಲೇ ಇತ್ತು. ಐಟಿಐ, ಎಚ್‌ಎಂಟಿ, ಬಿಇಎಲ್‌ಗಳಂತಹ ಸಾರ್ವಜನಿಕ ಕಾರ್ಖಾನೆಗಳು 1940 ಮತ್ತು 50ರ ದಶಕಗಳಲ್ಲಿ ಎದ್ದಾಗ ಕಾರ್ಖಾನೆಯ ಜೊತೆಗೇ ಕಾರ್ಮಿಕರ ಬಡಾವಣೆಗಳೂ ಎದ್ದವು. ಮನೆಯ ಪಕ್ಕದಲ್ಲಿ ಆಸ್ಪತ್ರೆ, ಆಟದ ಬಯಲು, ಶಾಲೆ. ಎಲ್ಲ ಕಾರ್ಮಿಕರಿಗೂ ಮನೆ ಸಿಕ್ಕಿತೆಂದಲ್ಲ. ಆದರೆ ಕೆಲಸ ಕೊಡುವವನು ಮನೆಯ ಬಗ್ಗೆಯೂ ಯೋಚಿಸಬೇಕೆಂಬ ತಿಳಿವಳಿಕೆ ಅಲ್ಲಿತ್ತು. ಗುತ್ತಿಗೆ ಕೆಲಸದ ಇಂದಿನ ಕಾಲದಲ್ಲಿ ಆ ತಿಳಿವಳಿಕೆ ಮೇಸ್ತ್ರಿಯ ತಗಡಿನ ಶೆಡ್ಡಿಗೆ ಬಂದು ನಿಂತಿದೆ.

ಬಾಡಿಗೆ, ಮುಂಗಡ, ಭೋಗ್ಯ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವವರಿಗೆ ಮೊದಲು ಎದುರಾಗುವುದು ಮುಂಗಡ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಅಲ್ಲಿ ಬಹುಕಾಲದಿಂದ ಬೆಳೆದುಬಂದಿದೆ. 7,000 ರೂಪಾಯಿಯ ಮನೆಗೆ 70,000 ರೂಪಾಯಿ ಮುಂಗಡ. ಮೇಲಿನ ಲೆಕ್ಕದ ಕೂಲಿಕಾರನ ಮೂರೂವರೆ ತಿಂಗಳ ಪೂರ್ತಿ ದುಡಿಮೆ. ಊರಿನಲ್ಲಿ ಬಡ್ಡಿಗೆ ಸಾಲ ತಂದು ಈ ಮುಂಗಡ ಕಟ್ಟಿದರೆ ಮನೆಯ ನಿಜವಾದ ಬಾಡಿಗೆ ಆ ಬಡ್ಡಿಯನ್ನೂ ಕೂಡಿಸಿದ ಮೊತ್ತವೆಂದು ತಿಳಿಯಬೇಕು.

ಕಾನೂನು ಏನು ಹೇಳುತ್ತದೆ? ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದೆನ್ನುತ್ತದೆ. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮ ಕಾಯ್ದೆ ಮಾಡಿದರಷ್ಟೇ ಅದಕ್ಕೆ ಬಲ. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಬೆಂಗಳೂರಿನಂತಹ ನಗರದಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸದಂತೆ ಬರೆಯಲ್ಪಟ್ಟಿತು. ಇಂದು ಅಷ್ಟು ಕಡಿಮೆಗೆ ಒಂದು ಕೋಣೆಯೂ ದುರ್ಲಭ. ಈ ವಿಷಯದಲ್ಲಿ ತಮಿಳುನಾಡು ಮುಂದಿದೆ. ಇಲ್ಲಿನ 2017ರ ಭೂಮಾಲೀಕ ಮತ್ತು ಬಾಡಿಗೆದಾರರ ಕಾಯ್ದೆ 2019ರ ಫೆಬ್ರವರಿ 22ರಿಂದ ಜಾರಿಯಲ್ಲಿದೆ. ಲಿಖಿತ ಕರಾರು ಕಡ್ಡಾಯ, ಅದನ್ನು ಬಾಡಿಗೆ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು; ಬೇರೆ ಒಪ್ಪಂದ ಇಲ್ಲದಿದ್ದರೆ ಠೇವಣಿ ಮೂರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ. ‘ಬೇರೆ ಒಪ್ಪಂದ ಇಲ್ಲದಿದ್ದರೆ’ ಎಂಬ ಮಾತನ್ನು ಗಮನಿಸಿರಿ. ಹೊಸೂರಿನಲ್ಲಿ ಸಹಿ ಹಾಕುವ ಮುನ್ನ ಕರಾರಿನಲ್ಲಿ ಬೇರೆ ಒಪ್ಪಂದವನ್ನೇ ಬರೆದಿಟ್ಟಿದ್ದಾರೆಯೇ ಎಂದು ಓದಿ ನೋಡುವುದು ಅಗತ್ಯ. ಕರಾರು ತಮಿಳಿನಲ್ಲಿದ್ದು ಮನೆಯ ಹಿರಿಯರಿಗೆ ಓದಲು ಬಾರದಿದ್ದರೆ ಶಾಲೆಯಲ್ಲಿ ತಮಿಳು ಕಲಿತ ಮಗಳನ್ನು ಜೊತೆಗೆ ಕರೆದೊಯ್ಯಿರಿ.

ಬೆಂಗಳೂರಿನ ಇನ್ನೊಂದು ರೂಢಿ ಭೋಗ್ಯ. ಕೆಲವು ಲಕ್ಷಗಳನ್ನು ಒಮ್ಮೆಗೇ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ವಾಸಿಸಿ, ಬಿಡುವಾಗ ಹಣ ಹಿಂಪಡೆಯುವ ಕ್ರಮ. ನಮ್ಮ ಕಡೆ ತಮಿಳರು ಇದನ್ನು ‘ಒತ್ತಿ’ ಎನ್ನುತ್ತಾರೆ. ನಮ್ಮ ‘ಒತ್ತೆ’ಯ ಒಡಹುಟ್ಟಿದ ಪದ. ಹೊಲ ಮಾರಿದ ಹಣ ಕೈಯಲ್ಲಿರುವವರಿಗೆ ಇದು ಬಹಳ ಆಕರ್ಷಕವಾಗಿ ಕಾಣುತ್ತದೆ. ಅಪಾಯ ಇರುವುದು ಹಣ ಹಿಂದಿರುಗುವ ದಿನ. ಮಾಲೀಕ ಆ ಮನೆಯನ್ನು ಮೊದಲೇ ಬ್ಯಾಂಕಿಗೆ ಅಡವಿಟ್ಟು ಸಾಲ ತೀರಿಸದೆ ಹೋದರೆ ಬ್ಯಾಂಕು ಮನೆಯನ್ನು ವಶಪಡಿಸಿಕೊಳ್ಳುತ್ತದೆ, ಭೋಗ್ಯದ ಹಣ ಕೊಟ್ಟವನು ಬೀದಿಗೆ ಬೀಳುತ್ತಾನೆ. ದಕ್ಷಿಣ ಕೊರಿಯಾದಲ್ಲಿ ‘ಜೊನ್ಸೆ’ ಎಂಬ ಹೆಸರಿನಲ್ಲಿ ಇದೇ ಪದ್ಧತಿ ಇಡೀ ದೇಶದಲ್ಲಿದೆ. ಅಲ್ಲಿ ಮೋಸಹೋದವರ ಸಂಖ್ಯೆ ಬೆಳೆದು, ಅವರ ನೆರವಿಗೆಂದೇ 2023ರಲ್ಲಿ ವಿಶೇಷ ಕಾನೂನು ಮಾಡಬೇಕಾಯಿತು. ಭೋಗ್ಯಕ್ಕೆ ಮನೆ ಹಿಡಿಯುವವರು ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ ಅಡಮಾನವಿದೆಯೇ ಎಂದು ನೋಡಬೇಕು, ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕು, ಹಣವನ್ನು ಬ್ಯಾಂಕಿನ ಮೂಲಕವೇ ಕೊಡಬೇಕು. ಮಾಲೀಕ ನೋಂದಣಿಗೆ ಒಪ್ಪದಿದ್ದರೆ ಆ ಮನೆ ಬೇಡ. ಈ ಒಂದು ವಿಷಯದಲ್ಲಿ ನಾನು ಯಾರ ವಿನಾಯಿತಿಯ ವಾದವನ್ನೂ ಒಪ್ಪಲಾರೆ.

ಕಟ್ಟಡ ಕೆಲಸಕ್ಕೆ ಹೋಗುವವರಿಗೆ ಸಂಬಂಧಿಸಿದ ಕಾನೂನು ಬೇರೆಯೇ ಇದೆ, ಅದು ಬಹಳ ಮಂದಿಗೆ ತಿಳಿದಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 34ನೆಯ ಕಲಮಿನ ಪ್ರಕಾರ, ಕೆಲಸ ನಡೆಯುವಷ್ಟು ಕಾಲ ಕಾರ್ಮಿಕರಿಗೆ ಕೆಲಸದ ಜಾಗದಲ್ಲಿ ಅಥವಾ ಅದರ ಸಮೀಪದಲ್ಲಿ ತಾತ್ಕಾಲಿಕ ವಸತಿಯನ್ನು ಉಚಿತವಾಗಿ ಒದಗಿಸುವುದು ಮಾಲೀಕನ ಕರ್ತವ್ಯ. ಅಲ್ಲಿ ಅಡುಗೆ ಮಾಡುವ, ಸ್ನಾನ ಮಾಡುವ, ಬಟ್ಟೆ ಒಗೆಯುವ ಅನುಕೂಲ ಹಾಗೂ ಶೌಚಾಲಯ ಇರಬೇಕು. 50ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದು 35ನೆಯ ಕಲಮು. ಈ ಕಾಯ್ದೆ ಈಗ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಸೇರಿಹೋಗಿದೆ. ಶೆಡ್ಡಿಗೆ ಬಾಡಿಗೆಯೆಂದು ಮೇಸ್ತ್ರಿ ಕೂಲಿಯಲ್ಲಿ ಹಿಡಿದುಕೊಳ್ಳುವುದನ್ನು ಅವನ ಹಕ್ಕೆಂದು ಯಾರೂ ಭಾವಿಸಬೇಕಾಗಿಲ್ಲ.

ಬೇರೆಡೆ ಕಂಡ ಉತ್ತರಗಳು

ವಸತಿಯನ್ನು ಮಾರುಕಟ್ಟೆಗೆ ಪೂರ್ತಿ ಬಿಡದ ನಗರಗಳೂ ಲೋಕದಲ್ಲಿವೆ. ಆಸ್ಟ್ರಿಯ ದೇಶದ ವಿಯೆನ್ನಾ ನಗರಸಭೆ 1923ರಲ್ಲಿ ಮನೆಗಳ ಮೇಲೆ ತೆರಿಗೆ ಹಾಕಿತು. ದೊಡ್ಡ ಮನೆಗೆ ಹೆಚ್ಚು, ಚಿಕ್ಕ ಮನೆಗೆ ಅತ್ಯಲ್ಪ. ಆ ಹಣದ ನೆರವಿನಿಂದ 1934ರೊಳಗೆ 60,000ಕ್ಕೂ ಹೆಚ್ಚು ಮನೆಗಳನ್ನು ಕಟ್ಟಿ ಕಾರ್ಮಿಕರಿಗೆ ಕಡಿಮೆ ಬಾಡಿಗೆಗೆ ಕೊಟ್ಟಿತು. 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ವಸತಿ ಸಮುಚ್ಚಯದಲ್ಲಿ ಶಿಶುವಿಹಾರ, ಗ್ರಂಥಾಲಯ, ಬಟ್ಟೆ ಒಗೆಯುವ ಸಾಮೂಹಿಕ ಮನೆ ಎಲ್ಲವೂ ಇದ್ದವು. ಇಂದಿಗೂ ಆ ನಗರದ ಸುಮಾರು ಅರ್ಧದಷ್ಟು ಜನ ನಗರಸಭೆಯ ಅಥವಾ ಸರ್ಕಾರದ ನೆರವು ಪಡೆದ ಮನೆಗಳಲ್ಲಿ ಬಾಡಿಗೆಗಿದ್ದಾರೆ. ಸಿಂಗಪುರ 1960ರಲ್ಲಿ ವಸತಿ ಮಂಡಳಿ ಸ್ಥಾಪಿಸಿ, ನೆಲದ ಒಡೆತನವನ್ನು ಸರ್ಕಾರದಲ್ಲೇ ಉಳಿಸಿಕೊಂಡು 99 ವರ್ಷಗಳ ಗುತ್ತಿಗೆಯ ಮೇಲೆ ಮನೆ ಕೊಡತೊಡಗಿತು. ಇಂದು ಅಲ್ಲಿನ ನಿವಾಸಿಗಳಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ಇಂತಹ ಮನೆಗಳಲ್ಲಿದ್ದಾರೆ. ಅಲ್ಲಿ ಕಟ್ಟಡ ಕಟ್ಟಲು ಹೋಗುವ ವಲಸೆ ಕಾರ್ಮಿಕರು, ನಮ್ಮ ತಮಿಳುನಾಡಿನವರೂ ಸೇರಿದಂತೆ, ಬೇರೆಯೇ ವಸತಿಗೃಹಗಳಲ್ಲಿರುತ್ತಾರೆಂಬುದನ್ನೂ ಮರೆಯಬಾರದು. ಎರಡೂ ಕಡೆ ಸಾಮಾನ್ಯವಾದದ್ದು ಒಂದು: ನೆಲವನ್ನು ತುಂಡು ಮಾಡಿ ಮಾರಿ ಕೈತೊಳೆದುಕೊಳ್ಳಲಿಲ್ಲ.

ನಮ್ಮ ರಾಜ್ಯದಲ್ಲೇ ಇತ್ತೀಚೆಗೆ ಒಂದು ಪ್ರಯತ್ನ ನಡೆದಿದೆ. ಕಾಂಚೀಪುರಂ ಜಿಲ್ಲೆಯ ಶ್ರೀಪೆರುಂಬುದೂರಿನ ಬಳಿ ವಲ್ಲಂ ವಡಗಾಲಿನಲ್ಲಿ ಸಿಪ್ಕಾಟ್ ಸಂಸ್ಥೆ 706.50 ಕೋಟಿ ರೂಪಾಯಿ ವೆಚ್ಚದಲ್ಲಿ 18,720 ಮಹಿಳಾ ಕಾರ್ಮಿಕರಿಗಾಗಿ ಕಟ್ಟಿದ ವಸತಿ ಸಮುಚ್ಚಯವನ್ನು 2024ರ ಆಗಸ್ಟ್ 17ರಂದು ಮುಖ್ಯಮಂತ್ರಿಗಳು ತೆರೆದರು. ಒಂಟಿಯಾಗಿ ದುಡಿಯುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ಆಸರೆ. ಮದುವೆಯಾಗಿ ಮಗುವಾದ ಮೇಲೆ ಅವರು ಎಲ್ಲಿರಬೇಕು ಎಂಬುದಕ್ಕೆ ಮಾತ್ರ ಅಲ್ಲಿ ಉತ್ತರವಿಲ್ಲ.

ಮನೆ ಕೊಟ್ಟೂ ಬದುಕು ಕಸಿದ ಉದಾಹರಣೆಯೂ ಉಂಟು. ಚೆನ್ನೈನ ಕೊಳೆಗೇರಿಗಳ ಸಾವಿರಾರು ಕುಟುಂಬಗಳನ್ನು ನಗರದ ತೆಂಕಣ ಅಂಚಿನ ಕಣ್ಣಗಿ ನಗರ, ಪೆರುಂಬಾಕ್ಕಂಗಳಿಗೆ ಸಾಗಿಸಿದಾಗ ತಲೆಯ ಮೇಲೆ ಕಾಂಕ್ರೀಟು ಸೂರು ಬಂತು, ಆದರೆ ಕೆಲಸ ದೂರವಾಯಿತು, ಮಕ್ಕಳ ಶಾಲೆ ತಪ್ಪಿತು. ಇನ್ನೊಂದು ತುದಿಯಲ್ಲಿ ನಮ್ಮ ಪೆನ್ನಾಗರಂನಂತಹ ಸೀಮೆಗಳಿವೆ. 2024ರಲ್ಲಿ ಆರಂಭವಾದ ‘ಕಲೈಞರ್ ಕನವು ಇಲ್ಲಂ’ ಯೋಜನೆಯಲ್ಲಿ ಗ್ರಾಮಾಂತರದ ಗುಡಿಸಲುಗಳ ಬದಲಿಗೆ, ಮನೆಯೊಂದಕ್ಕೆ 3.5 ಲಕ್ಷ ರೂಪಾಯಿ ನೀಡಿ, 2030ರೊಳಗೆ 8 ಲಕ್ಷ ಮನೆ ಕಟ್ಟಿಸುವ ಗುರಿಯಿದೆ. ಅರ್ಹರಾದವರು ಅರ್ಜಿ ಹಾಕಲೇಬೇಕು. ಸ್ವಂತ ಸೂರಿನ ಬೆಲೆ ಗುಡಿಸಲಿನಲ್ಲಿ ಮಳೆಗಾಲ ಕಳೆದವರಿಗೆ ಗೊತ್ತು. ಆದರೆ ದುಡಿಮೆ ಬೆಂಗಳೂರಿನಲ್ಲೇ ಉಳಿದರೆ ಊರಿನ ಹೊಸ ಮನೆಗೆ ಬೀಗ, ನಗರದ ಶೆಡ್ಡಿಗೆ ಬಾಡಿಗೆ.

ಕೇಂದ್ರ ಸರ್ಕಾರ 2020ರಲ್ಲಿ ವಲಸೆ ಕಾರ್ಮಿಕರಿಗೆ ಕೈಗೆಟುಕುವ ಬಾಡಿಗೆ ವಸತಿ ಯೋಜನೆಯನ್ನು ಪ್ರಕಟಿಸಿತು. ಕೊರೋನಾ ಕಾಲದಲ್ಲಿ ಹೆದ್ದಾರಿಯಲ್ಲಿ ನಡೆದುಹೋದವರನ್ನು ಕಂಡ ಮೇಲೆ ಬಂದ ಬುದ್ಧಿ ಅದು. ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು ಬಾಡಿಗೆಗೆ ಕೊಡುವುದು ಅದರ ಒಂದು ದಾರಿ. 2024ರ ಸೆಪ್ಟೆಂಬರಿನಲ್ಲಿ ಆರಂಭವಾದ ನಗರ ಆವಾಸ್ ಯೋಜನೆಯ ಎರಡನೆಯ ಹಂತದಲ್ಲಿಯೂ ಬಾಡಿಗೆ ವಸತಿಗೆ ಪ್ರತ್ಯೇಕ ವಿಭಾಗವಿದೆ. ದಿಕ್ಕು ಸರಿಯಾಗಿದೆ. ನಗರಸಭೆ, ಪ್ರಾಧಿಕಾರಗಳು ಸ್ವಂತ ನೆಲ ಕೊಡದೆ ಹೋದರೆ ಅದು ಕಾಗದದಲ್ಲೇ ಉಳಿಯುತ್ತದೆ.

ಹೊಸೂರಿನಲ್ಲಿ ಕೊಳ್ಳಬಹುದೇ?

ಬೆಂಗಳೂರು ಎಟುಕದವರು ಹೊಸೂರಿನತ್ತ ನೋಡುತ್ತಾರೆ. ಕೆಲಸವಿದೆ, ತಮಿಳುನಾಡಿನ ಪಡಿತರ ಚೀಟಿ ನಡೆಯುತ್ತದೆ, ಸುತ್ತಮುತ್ತ ಕನ್ನಡ ಮಾಧ್ಯಮ ಶಾಲೆಗಳೂ ಇವೆ. ನಮ್ಮ ಕುಟುಂಬಗಳಿಗೆ ಈ ಮೂರೂ ಒಂದೇ ಕಡೆ ಸಿಗುವ ಊರು ಇದೇ ಎಂದರೂ ತಪ್ಪಾಗದು. ಆದರೆ ಬೆಲೆ ಏರುತ್ತಿದೆ. ಹೊಸೂರು 2019ರಲ್ಲಿ ಮಹಾನಗರ ಪಾಲಿಕೆಯಾಯಿತು. 2,000 ಎಕರೆಯಲ್ಲಿ ವಿಮಾನ ನಿಲ್ದಾಣ ಮಾಡುವುದಾಗಿ 2024ರ ಜೂನ್‌ನಲ್ಲಿ ಮುಖ್ಯಮಂತ್ರಿಗಳು ವಿಧಾನಸಭೆಯಲ್ಲಿ ಘೋಷಿಸಿದರು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮೆಟ್ರೋ ಬೊಮ್ಮಸಂದ್ರದವರೆಗೆ ಬಂತು. ಇಂತಹ ಒಂದೊಂದು ಸುದ್ದಿಯೂ ದಲ್ಲಾಳಿಯ ಬಾಯಲ್ಲಿ ಚದರಡಿಗೆ ಇಷ್ಟು ಎಂಬ ಅಂಕಿಯಾಗಿ ಮಾರ್ಪಡುತ್ತದೆ. ವಿಮಾನ ಹಾರುವ ಮುನ್ನವೇ ಬೆಲೆ ಹಾರಿಬಿಡುತ್ತದೆ.

ಇಲ್ಲಿ ಎಚ್ಚರಿಕೆಯ ಮಾತು. ಒಪ್ಪಿಗೆಯಿಲ್ಲದ ಬಡಾವಣೆಗಳ ನಿವೇಶನಗಳನ್ನು ನೋಂದಾಯಿಸಕೂಡದೆಂದು ಮದ್ರಾಸ್ ಹೈಕೋರ್ಟು 2016ರ ಸೆಪ್ಟೆಂಬರಿನಲ್ಲಿ ಆದೇಶಿಸಿತು. ಆಮೇಲೆ 2017ರಲ್ಲಿ ಬಂದ ಸಕ್ರಮ ನಿಯಮಗಳು 2016ರ ಅಕ್ಟೋಬರ್ 20ಕ್ಕೆ ಮೊದಲಿನ ನಿವೇಶನಗಳಿಗೆ ಸಂಬಂಧಿಸಿದವು. ಆದುದರಿಂದ ಹೊಸದಾಗಿ ಕಲ್ಲು ನೆಟ್ಟ ಹೊಲದಲ್ಲಿ ‘ಮುಂದೆ ಒಪ್ಪಿಗೆ ಬರುತ್ತದೆ’ ಎಂದು ಹೇಳಿ ಕಂತಿನಲ್ಲಿ ಹಣ ಕೇಳುವವರನ್ನು ನಂಬುವಂತಿಲ್ಲ. ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಒಪ್ಪಿಗೆ ಸಂಖ್ಯೆ, ಪಟ್ಟಾ ಯಾರ ಹೆಸರಿನಲ್ಲಿದೆ ಎಂಬುದು, ‘ವಿಲ್ಲಂಗ’ ಎಂದು ಇಲ್ಲಿ ಕರೆಯುವ ಋಣಭಾರ ಪತ್ರ, ಈ ಮೂರನ್ನೂ ನೋಡದೆ ಮುಂಗಡ ಕೊಡಬಾರದು. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯಾದರೆ 2016ರ ರಿಯಲ್ ಎಸ್ಟೇಟ್ ಕಾಯ್ದೆಯ ನೋಂದಣಿಯೂ ಬೇಕು. ಗಡಿಯಾಚೆ ಆನೇಕಲ್, ಅತ್ತಿಬೆಲೆಗಳ ಕಡೆ ಕೊಳ್ಳುವವರು ಕರ್ನಾಟಕದ ಪದಗಳನ್ನು ಕಲಿಯಬೇಕು: ಕೃಷಿ ಭೂಮಿ ವಸತಿಗೆ ಪರಿವರ್ತನೆಯಾಗದೆ ಮಾರಿದ ತುಂಡಿಗೆ ಅಲ್ಲಿ ‘ರೆವೆನ್ಯೂ ಸೈಟು’ ಎನ್ನುತ್ತಾರೆ, ‘ಬಿ ಖಾತೆ’ ಎಂಬುದು ತೆರಿಗೆ ವಸೂಲಿಗಾಗಿ ಇಟ್ಟ ಪ್ರತ್ಯೇಕ ವಹಿಯಾಗಿತ್ತು, ಅದರಲ್ಲಿ ಹೆಸರಿದ್ದ ಮಾತ್ರಕ್ಕೆ ನಿವೇಶನ ಸಕ್ರಮವೆಂದು ಅರ್ಥವಲ್ಲ. ಸಕ್ರಮ ಮಾಡುವ ಅಲ್ಲಿನ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ನೀಡಿತ್ತೆಂಬುದು ನೆನಪಿರಲಿ. ಕಡಿಮೆ ಬೆಲೆಗೆ ಸಿಗುವ ನಿವೇಶನದಲ್ಲಿ ಏನು ಕಡಿಮೆಯಿದೆ ಎಂದು ಕೇಳಿ ತಿಳಿದ ಮೇಲೆಯೇ ಕೈಹಾಕಬೇಕು.

ಹೊಸೂರಿಗೆ ಇನ್ನೂ ಕಾಲ ಮೀರಿಲ್ಲ. ಬೆಂಗಳೂರು ಮಾಡಿದಂತೆ ನಿವೇಶನ ಹಂಚಿ ಸುಮ್ಮನಾಗದೆ, ಪಾಲಿಕೆಯೂ ವಸತಿ ಮಂಡಳಿಯೂ ಸಿಪ್ಕಾಟ್ ಪ್ರದೇಶಗಳ ಪಕ್ಕದಲ್ಲಿ ಸರ್ಕಾರಿ ನೆಲದ ಮೇಲೆ ಕುಟುಂಬಗಳಿಗಾಗಿಯೇ ಬಾಡಿಗೆ ಮನೆಗಳನ್ನು ಕಟ್ಟಿ ಒಡೆತನವನ್ನು ತಮ್ಮಲ್ಲೇ ಉಳಿಸಿಕೊಳ್ಳಬಹುದು. ಒಂದು ನಿವೇಶನದ ನೆಲ ನಾಲ್ಕು ಅಂತಸ್ತಿನ ನಡುವೆ ಹಂಚಿದರೆ ನೆಲದ ಭಾರ ಕಾಲುಭಾಗವಾಗುತ್ತದೆ; ನೆಲವೇ ಸರ್ಕಾರದ್ದಾದರೆ ಅದೂ ಇಲ್ಲ. ಆಗ ಬಾಡಿಗೆ ಬರಿಯ ಕಟ್ಟಡದ ಮತ್ತು ದುರಸ್ತಿಯ ಖರ್ಚಿಗೆ ಇಳಿಯುತ್ತದೆ. ಕೂಲಿಯ ಮೂರನೆಯ ಒಂದು ಭಾಗಕ್ಕೆ ಮನೆ ಸಿಗುವ ಬೇರೆ ದಾರಿ ನನಗಂತೂ ಕಾಣದು.

ಮಗು ಎಲ್ಲಿ ಓದಬೇಕು

ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ ವಿಧಿ ಅದು. ತಮಿಳುನಾಡಿನ 2006ರ ತಮಿಳು ಕಲಿಕಾ ಕಾಯ್ದೆಯ ನಂತರ ನಮ್ಮ ಮಕ್ಕಳು ತಮಿಳನ್ನೂ ಕಲಿಯುತ್ತಾರೆ, ಕಲಿಯಲಿ. ಆದರೆ ಕನ್ನಡ ಶಾಲೆ ಉಳಿಯುವುದು ಮಕ್ಕಳ ಸಂಖ್ಯೆಯ ಮೇಲೆ. ಬಾಡಿಗೆಯ ಬೆನ್ನು ಹತ್ತಿ ಐದು ಕುಟುಂಬ ಹೊರಟರೆ ಒಂದು ತರಗತಿಯೇ ಬರಿದಾಗುತ್ತದೆ.

ಕುಟುಂಬವೆಲ್ಲ ಹೊರಡಲೇಬೇಕಾದಾಗ 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಮು ನೆನಪಿರಲಿ. ಒಂದು ಶಾಲೆಯಿಂದ ಇನ್ನೊಂದಕ್ಕೆ, ರಾಜ್ಯದೊಳಗಾಗಲಿ ಹೊರಗಾಗಲಿ, ವರ್ಗಾವಣೆ ಕೇಳುವುದು ಮಗುವಿನ ಹಕ್ಕು. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಸೇರಿಸಿಕೊಳ್ಳಲು ನಿರಾಕರಿಸುವಂತಿಲ್ಲ. ಬೆಂಗಳೂರಿನಲ್ಲಿ ಶೆಡ್ಡು ಹಿಡಿಯುವ ಮುನ್ನ ನಡೆದು ಹೋಗುವಷ್ಟು ದೂರದಲ್ಲಿ ಸರ್ಕಾರಿ ಕನ್ನಡ ಶಾಲೆ ಎಲ್ಲಿದೆಯೆಂದು ವಿಚಾರಿಸಿರಿ. ಕನ್ನಡದ ರಾಜಧಾನಿಗೆ ಹೋಗಿ ಮಗುವಿನ ಕನ್ನಡ ಓದು ನಿಂತುಹೋಗುವುದು ಎಂತಹ ವಿಪರ್ಯಾಸವೆಂದು ಬೇರೆ ಹೇಳಬೇಕೆ?

ಹಲವು ಮನೆಗಳಲ್ಲಿ ತಂದೆತಾಯಿ ಹೊರಟು, ಮಗು ಅಜ್ಜಿಯ ಬಳಿ ಉಳಿಯುತ್ತದೆ. ಅಜ್ಜಿಯಿಲ್ಲದ ಮನೆಯ ಮಕ್ಕಳಿಗಾಗಿ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಋತುಮಾನದ ವಸತಿ ಕೇಂದ್ರಗಳಿಗೆ ಅವಕಾಶವಿದೆ: ಪೋಷಕರು ದುಡಿಯಲು ಹೋಗುವ ತಿಂಗಳುಗಳಲ್ಲಿ ಮಗು ಊರಿನಲ್ಲೇ ಉಳಿದು ಓದುವ ಏರ್ಪಾಡು. ಇದನ್ನು ಕೇಳಿ ಪಡೆಯಬೇಕು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರಂದು ನಡೆಯುವ ಗ್ರಾಮಸಭೆಗಳಲ್ಲಿ ಮನವಿ ಕೊಟ್ಟು ನಿರ್ಣಯ ಮಾಡಿಸಿ, ಅದರ ಪ್ರತಿಯನ್ನು ಜಿಲ್ಲಾ ಮುಖ್ಯ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಬಹುದು. ಮನವಿಯಲ್ಲಿ ಎಷ್ಟು ಮಕ್ಕಳು, ಯಾವ ಯಾವ ತರಗತಿ, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಪೋಷಕರು ಊರಿನಲ್ಲಿರುವುದಿಲ್ಲ, ಬೋಧನಾ ಮಾಧ್ಯಮ ಕನ್ನಡವೇ ಎಂಬುದನ್ನು ಸ್ಪಷ್ಟವಾಗಿ ನಮೂದಿಸಿರಿ. ಹಾಜರಿ ಪುಸ್ತಕದಿಂದ ಈ ವಿವರಗಳನ್ನು ತೆಗೆದುಕೊಡಲು ಮುಖ್ಯೋಪಾಧ್ಯಾಯರನ್ನು ಮುಂಚಿತವಾಗಿ ಕೇಳಿಕೊಂಡರೆ ಕೆಲಸ ಸುಲಭವಾಗುತ್ತದೆ.